ಮನೆಮದ್ದು ಹೊಟ್ಟೆ ಸೇರಿದ ಮೇಲೆ: ನಾರು, ಕರುಳಿನ ಬ್ಯಾಕ್ಟೀರಿಯಾ ಮತ್ತು ಮೂಲಿಕೆಯ ಸಾರ

*ಹೊರನಾಡ ಕನ್ನಡ ಕುಟುಂಬಗಳಿಗಾಗಿ ಆರೋಗ್ಯ ಪಾಠ*

(ಸ್ವಲ್ಪ ಉದ್ದವಾಗಿದೆ. ಬಿಡುವಾದಾಗ ಓದಿ. ಮನೆಯ ಹಿರಿಯರಿಗೂ ಓದಿ ಹೇಳಿ.)

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಹೀಗೆ ನಾವು ಎಲ್ಲೇ ಇರಲಿ, ಊರಿನಿಂದ ಯಾರಾದರೂ ಬಂದರೆ ಅವರ ಚೀಲದಲ್ಲಿ ಒಂದು ಡಬ್ಬಿ ಕಷಾಯದ ಪುಡಿ, ಮನೆಯಲ್ಲೇ ಕುಟ್ಟಿದ ಅರಿಶಿನ, ತ್ರಿಫಲಾ ಚೂರ್ಣ ಇದ್ದೇ ಇರುತ್ತದೆ. ಅದೇ ಅಡುಗೆಮನೆಯ ಕಪಾಟಿನಲ್ಲಿ ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳೂ ಇರುತ್ತವೆ. ಹೊಟ್ಟೆ ಸರಿಯಾಗಲಿ ಎಂದು ಇಸಬಗೋಲಿನ ಪ್ಯಾಕೆಟ್ಟೂ ಇರುತ್ತದೆ. ಎಲ್ಲವೂ ಒಳ್ಳೆಯದಕ್ಕೇ. ಆದರೆ ಇವೆಲ್ಲ ಸೇರುವುದು ಒಂದೇ ಹೊಟ್ಟೆಗೆ. ಅಲ್ಲಿ ಇವು ಒಂದರ ಜೊತೆ ಒಂದು ಹೇಗೆ ವರ್ತಿಸುತ್ತವೆ ಎಂದು ನಾವು ಯೋಚಿಸುವುದು ಕಡಿಮೆ.

"ಅದೇ ಕಷಾಯ ಅತ್ತೆಗೆ ನಾಟುತ್ತದೆ, ನನಗೆ ನಾಟುವುದಿಲ್ಲ." "ಊರಿನಲ್ಲಿ ಇದ್ದಾಗ ತ್ರಿಫಲಾ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಇಲ್ಲಿಗೆ ಬಂದ ಮೇಲೆ ಏನೂ ಪ್ರಯೋಜನ ಕಾಣುತ್ತಿಲ್ಲ." "ಮಾತ್ರೆ ತಪ್ಪದೆ ತೆಗೆದುಕೊಂಡರೂ ಥೈರಾಯ್ಡ್ ಹತೋಟಿಗೆ ಬರುತ್ತಿಲ್ಲ." ಇಂಥ ಮಾತುಗಳನ್ನು ನೀವೂ ಕೇಳಿರುತ್ತೀರಿ. ಇವುಗಳ ಹಿಂದೆ ಬೇರೆ ಕಾರಣಗಳೂ ಇರಬಹುದು. ಆದರೆ ನಾವು ಹೆಚ್ಚಾಗಿ ಗಮನಿಸದ ಎರಡು ಕಾರಣಗಳು ನಮ್ಮ ಕರುಳಿನಲ್ಲೇ ಇವೆ. ಒಂದು, ಊಟದಲ್ಲಿರುವ ನಾರು. ಇನ್ನೊಂದು, ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ. ಇಂದಿನ ಪಾಠ ಇವೆರಡರ ಬಗ್ಗೆ.

*1. ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ*

ನಾವು ತಿಂದದ್ದು ಜಠರದಲ್ಲಿ ಕಲಸಿ, ಸಣ್ಣ ಕರುಳಿಗೆ ಇಳಿಯುತ್ತದೆ. ಸಕ್ಕರೆ, ಕೊಬ್ಬು, ಪ್ರೋಟೀನು, ಹೆಚ್ಚಿನ ಮಾತ್ರೆಗಳು ರಕ್ತಕ್ಕೆ ಸೇರುವುದು ಇಲ್ಲೇ. ಉಳಿದದ್ದು ದೊಡ್ಡ ಕರುಳಿಗೆ ಹೋಗುತ್ತದೆ.

ಮೂಲಿಕೆಗಳಲ್ಲಿರುವ ಬಣ್ಣ, ಕಹಿ, ಒಗರು ಕೊಡುವ ಅಂಶಗಳಲ್ಲಿ ಬಹುಪಾಲು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಕೆಲವು ನೀರಿನಲ್ಲಿ ಕರಗುವುದಿಲ್ಲ. ಕೆಲವು ಗಾತ್ರದಲ್ಲಿ ದೊಡ್ಡವು. ಕೆಲವಕ್ಕೆ ಸಕ್ಕರೆಯ ಅಣುಗಳು ಅಂಟಿಕೊಂಡಿರುತ್ತವೆ. ಇನ್ನು ಕೆಲವು ಸಸ್ಯದ ನಾರಿಗೇ ಬಿಗಿಯಾಗಿ ಅಂಟಿಕೊಂಡಿರುತ್ತವೆ.

ಅರಿಶಿನವನ್ನೇ ನೋಡಿ. ಅದರಲ್ಲಿರುವ ಮುಖ್ಯ ಅಂಶ ಕರ್ಕ್ಯುಮಿನ್. ಅರಿಶಿನದ ಪುಡಿಯ ತೂಕದಲ್ಲಿ ಅದು ಸುಮಾರು 3 ಶೇಕಡಾ ಮಾತ್ರ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ವಯಂಸೇವಕರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟು ನೋಡಿದಾಗ ರಕ್ತದಲ್ಲಿ ಅದು ಪತ್ತೆಯಾಗಲಿಲ್ಲ, ಇಲ್ಲವೇ ಅತ್ಯಲ್ಪ ಪ್ರಮಾಣದಲ್ಲಿತ್ತು. ಅದರ ಜೊತೆ ಕರಿಮೆಣಸಿನ ಖಾರದ ಅಂಶವಾದ ಪೈಪರಿನ್ ಅನ್ನು 20 ಮಿಲಿಗ್ರಾಂ ಸೇರಿಸಿದಾಗ ಹೀರಿಕೆ ಸುಮಾರು 20 ಪಟ್ಟು ಹೆಚ್ಚಿತು. ಈಗ ಜಗತ್ತಿನೆಲ್ಲೆಡೆ "ಅರಿಶಿನದ ಜೊತೆ ಮೆಣಸು" ಎಂದು ಹೇಳುವುದಕ್ಕೆ ಮುಖ್ಯ ಆಧಾರ ಇದೇ ಅಧ್ಯಯನ.

ಇಲ್ಲಿ ಒಂದು ಲೆಕ್ಕ ಹಾಕಿ ನೋಡಿ. 2 ಗ್ರಾಂ ಕರ್ಕ್ಯುಮಿನ್ ಬೇಕೆಂದರೆ ಸುಮಾರು 65 ಗ್ರಾಂ ಅರಿಶಿನ ತಿನ್ನಬೇಕು. ನಾವು ಹಾಲಿಗೆ ಹಾಕುವುದು ಕಾಲು ಚಮಚ. ಹಾಗಾದರೆ ಅರಿಶಿನದಿಂದ ಪ್ರಯೋಜನವೇ ಇಲ್ಲವೇ? ಹಾಗಲ್ಲ. ರಕ್ತಕ್ಕೆ ಸೇರದೆ ಉಳಿದ ಅರಿಶಿನ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ.

*2. ದೊಡ್ಡ ಕರುಳು ಎಂಬ ಎರಡನೇ ಅಡುಗೆಮನೆ*

ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ನಮ್ಮ ಸ್ವಂತ ಜೀವಕೋಶಗಳ ಸಂಖ್ಯೆಯೂ ಹೆಚ್ಚು ಕಡಿಮೆ ಅಷ್ಟೇ. ಈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಇರುವುದು ದೊಡ್ಡ ಕರುಳಿನಲ್ಲಿ. ನಮ್ಮ ದೇಹದಲ್ಲಿ ಇಲ್ಲದ ಅನೇಕ ಕಿಣ್ವಗಳು ಇವುಗಳ ಬಳಿ ಇವೆ. ನಮಗೆ ಒಡೆಯಲಾಗದ ಅಂಶಗಳನ್ನು ಇವು ಒಡೆಯುತ್ತವೆ, ಬದಲಾಯಿಸುತ್ತವೆ, ಹೊಸ ರೂಪ ಕೊಡುತ್ತವೆ. ನಮಗೆ ಗೊತ್ತಿರುವ ಮೂಲಿಕೆಗಳಿಂದಲೇ ಉದಾಹರಣೆ ನೋಡೋಣ.

*ಅರಿಶಿನ:* 2011ರಲ್ಲಿ ಜಪಾನಿನ ವಿಜ್ಞಾನಿಗಳು ಮನುಷ್ಯರ ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಕರ್ಕ್ಯುಮಿನ್ ಅನ್ನು ಬೇರೆ ರೂಪಕ್ಕೆ ತಿರುಗಿಸುವ ಕಿಣ್ವವೊಂದನ್ನು ಗುರುತಿಸಿದರು. ಅಂದರೆ ನಾವು ತಿಂದ ಅರಿಶಿನ ಕರುಳಿನಲ್ಲಿ ಅರಿಶಿನವಾಗಿಯೇ ಉಳಿಯುವುದಿಲ್ಲ.

*ಸೋನಾಮುಖಿ (ನೆಲಾವರಿಕೆ):* ಮಲಬದ್ಧತೆಗೆ ಬಳಸುವ ಎಲೆ. ಇದರ ಸೆನ್ನೊಸೈಡ್ ಎಂಬ ಅಂಶ ನೇರವಾಗಿ ಭೇದಿ ಮಾಡಿಸುವುದಿಲ್ಲ. ಅದು ಹಾಗೇ ದೊಡ್ಡ ಕರುಳು ಮುಟ್ಟುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದರ ಸಕ್ಕರೆ ಕೊಂಡಿಯನ್ನು ಕತ್ತರಿಸಿ, ಕರುಳನ್ನು ಚುರುಕು ಮಾಡುವ ವಸ್ತುವಾಗಿ ಬದಲಾಯಿಸುತ್ತವೆ. ರಾತ್ರಿ ತೆಗೆದುಕೊಂಡ ಚೂರ್ಣ ಬೆಳಗ್ಗೆ ಕೆಲಸ ಮಾಡುವುದು ಇದಕ್ಕೇ. ಈ ಪ್ರಯಾಣಕ್ಕೆ 6ರಿಂದ 12 ಗಂಟೆ ಬೇಕು.

*ಜ್ಯೇಷ್ಠಮಧು (ಅತಿಮಧುರ):* ಕೆಮ್ಮಿನ ಕಷಾಯದಲ್ಲಿ ಸಿಹಿ ಕೊಡುವ ಬೇರು. ಇದರ ಗ್ಲಿಸಿರೈಜಿನ್ ಎಂಬ ಅಂಶ ನೇರವಾಗಿ ಹೆಚ್ಚು ಹೀರಲ್ಪಡುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಬದಲಾಯಿಸಿದ ಮೇಲೆ ರಕ್ತಕ್ಕೆ ಸೇರುತ್ತದೆ. ಹೀಗೆ ರಕ್ತ ಸೇರಿದ ಅಂಶ ಹೆಚ್ಚಾದರೆ ದೇಹದಲ್ಲಿ ಉಪ್ಪು, ನೀರು ಉಳಿದು ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮಲಬದ್ಧತೆ ಇರುವವರಲ್ಲಿ ಬೇರಿನ ಅಂಶ ಕರುಳಿನಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಈ ಅಪಾಯ ಇನ್ನೂ ಹೆಚ್ಚು.

*ತ್ರಿಫಲಾ ಮತ್ತು ದಾಳಿಂಬೆ:* ನೆಲ್ಲಿಕಾಯಿ, ಅಳಲೆಕಾಯಿ, ತಾರೆಕಾಯಿ, ದಾಳಿಂಬೆ ಇವುಗಳ ಒಗರು ಅಂಶದಿಂದ ಎಲಾಜಿಕ್ ಆಮ್ಲ ಬರುತ್ತದೆ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಯುರೊಲಿಥಿನ್ ಎಂಬ, ಸುಲಭವಾಗಿ ಹೀರಲ್ಪಡುವ ವಸ್ತುವಾಗಿ ಮಾರ್ಪಡಿಸುತ್ತವೆ. ಆದರೆ ಆ ಬ್ಯಾಕ್ಟೀರಿಯಾಗಳು ಎಲ್ಲರ ಕರುಳಿನಲ್ಲೂ ಇರುವುದಿಲ್ಲ. ಒಂದೇ ದಾಳಿಂಬೆಯನ್ನು ಹಂಚಿಕೊಂಡು ತಿಂದರೂ ಕೆಲವರ ದೇಹದಲ್ಲಿ ಯುರೊಲಿಥಿನ್ ತಯಾರಾಗುತ್ತದೆ, ಕೆಲವರಲ್ಲಿ ಇಲ್ಲವೇ ಇಲ್ಲ.

*ಸೋಯಾ:* ಇದರ ಒಂದು ಅಂಶವನ್ನು ಈಕ್ವಾಲ್ ಎಂಬ ವಸ್ತುವಾಗಿ ಬದಲಾಯಿಸುವ ಬ್ಯಾಕ್ಟೀರಿಯಾ ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 100ಕ್ಕೆ 25ರಿಂದ 30 ಜನರಲ್ಲಿ ಮಾತ್ರ ಕೆಲಸ ಮಾಡುತ್ತದೆ. ಜಪಾನ್, ಕೊರಿಯಾದಂಥ ದೇಶಗಳಲ್ಲಿ 50ರಿಂದ 60 ಜನರಲ್ಲಿ.

ಹೀಗಾಗಿ, ಅದೇ ಕಷಾಯ ಒಬ್ಬರಿಗೆ ನಾಟಿ ಇನ್ನೊಬ್ಬರಿಗೆ ನಾಟದಿದ್ದರೆ ಆಶ್ಚರ್ಯಪಡಬೇಕಿಲ್ಲ. ಮೂಲಿಕೆ ಒಂದೇ ಆದರೂ ಅದನ್ನು ಒಳಗೆ ಪಾಕ ಮಾಡುವ ಕೈಗಳು ಬೇರೆ ಬೇರೆ.

*3. ನಾರು ಮಾಡುವ ಎರಡು ಕೆಲಸ*

"ನಾರು ತಿನ್ನಿ" ಎಂದು ಎಲ್ಲರೂ ಹೇಳುತ್ತಾರೆ. ಆದರೆ ಎಲ್ಲ ನಾರೂ ಒಂದೇ ಅಲ್ಲ. ನಮ್ಮ ಇಂದಿನ ವಿಷಯಕ್ಕೆ ಸಂಬಂಧಿಸಿದಂತೆ ನಾರು ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ.

*ಮೊದಲ ಕೆಲಸ: ತಡೆದು ಹಿಡಿಯುವುದು.* ಇಸಬಗೋಲನ್ನು ನೀರಿಗೆ ಹಾಕಿದರೆ ಕೆಲವೇ ನಿಮಿಷದಲ್ಲಿ ಲೋಳೆಯಾಗುತ್ತದೆ. ನೆನೆಸಿದ ಮೆಂತ್ಯವೂ ಹಾಗೆಯೇ. ಈ ಲೋಳೆ ಕರುಳಿನಲ್ಲೂ ಹಾಗೇ ಇರುತ್ತದೆ. ಅದು ಸಕ್ಕರೆಯನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಊಟದ ನಂತರ ಶುಗರ್ ಒಮ್ಮೆಲೇ ಏರದಿರುವುದು ಇದರಿಂದಲೇ. ಆದರೆ ಲೋಳೆಗೆ ಸಕ್ಕರೆ ಯಾವುದು, ಮಾತ್ರೆ ಯಾವುದು ಎಂಬ ಭೇದ ಗೊತ್ತಿಲ್ಲ. ಅದೇ ಹೊತ್ತಿಗೆ ನುಂಗಿದ ಮಾತ್ರೆಯನ್ನೂ ಮೂಲಿಕೆಯ ಸಾರವನ್ನೂ ಅದು ಹಿಡಿದಿಡುತ್ತದೆ.

*ಎರಡನೇ ಕೆಲಸ: ಬ್ಯಾಕ್ಟೀರಿಯಾಗೆ ಅನ್ನ ಹಾಕುವುದು.* ಕಾಳು, ರಾಗಿ, ಜೋಳ, ಈರುಳ್ಳಿ, ಬೆಳ್ಳುಳ್ಳಿ, ಬಾಳೆಕಾಯಿ, ಸೊಪ್ಪು ಇವುಗಳ ನಾರಿನ ಒಂದು ಭಾಗ ದೊಡ್ಡ ಕರುಳಿನಲ್ಲಿ ಹುದುಗುತ್ತದೆ. ನಮ್ಮ ದೋಸೆ ಹಿಟ್ಟು ಹುದುಗಿದಂತೆಯೇ. ಆಗ ಬ್ಯುಟಿರೇಟ್ ಮುಂತಾದ ಆಮ್ಲಗಳು ಹುಟ್ಟುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ ಈ ಬ್ಯುಟಿರೇಟ್. ನಾರು ಸಿಗದಿದ್ದರೆ ಏನಾಗುತ್ತದೆ? ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಹಸಿದ ಬ್ಯಾಕ್ಟೀರಿಯಾಗಳು ಕರುಳಿನ ಒಳಗಿನ ರಕ್ಷಣಾ ಲೋಳೆಪದರವನ್ನೇ ತಿನ್ನತೊಡಗಿದ್ದು ಕಂಡುಬಂದಿದೆ.

ಇಲ್ಲಿ ಒಂದು ಮುಖ್ಯ ವಿಷಯ ಗಮನಿಸಿ. *ಇಸಬಗೋಲು ಮೊದಲ ಕೆಲಸದಲ್ಲಿ ಗಟ್ಟಿ, ಎರಡನೆಯದರಲ್ಲಿ ದುರ್ಬಲ.* ಅದು ಕರುಳಿನಲ್ಲಿ ಹೆಚ್ಚು ಹುದುಗುವುದಿಲ್ಲ. ಮಲ ಮೆತ್ತಗಾಗಲು ಅದು ಒಳ್ಳೆಯದೇ. ಆದರೆ "ದಿನಾ ಇಸಬಗೋಲು ತೆಗೆದುಕೊಳ್ಳುತ್ತೇನೆ, ನನಗೆ ನಾರು ಸಾಕು" ಎಂದುಕೊಂಡರೆ ಬ್ಯಾಕ್ಟೀರಿಯಾಗಳು ಹಸಿದೇ ಇರುತ್ತವೆ.

ನಾರಿಗೆ ಅಂಟಿಕೊಂಡೇ ಬರುವ ಒಳ್ಳೆಯ ಅಂಶಗಳೂ ಇವೆ. ರಾಗಿಯ ಸಿಪ್ಪೆಯಲ್ಲಿರುವ ಫೆರುಲಿಕ್ ಆಮ್ಲ ಇದಕ್ಕೆ ಉದಾಹರಣೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದರ ಬಗ್ಗೆ ಕೆಲಸ ಮಾಡಿದ್ದಾರೆ. ರಾಗಿಯಲ್ಲಿ ಇದು ಹೆಚ್ಚಾಗಿ ನಾರಿಗೆ ಬಂಧಿತವಾಗಿರುತ್ತದೆ. ಮೊಳಕೆ ಕಟ್ಟಿದಾಗ ಬಂಧಿತ ಭಾಗ ಕಡಿಮೆಯಾಗಿ ಬಿಡಿಯಾದ ಭಾಗ ಹೆಚ್ಚುತ್ತದೆ. ಬಿಡಿಸಿಕೊಳ್ಳದ ಉಳಿದದ್ದನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಬಿಡಿಸುತ್ತದೆ. ನಮ್ಮಜ್ಜಿಯರು ಮಕ್ಕಳಿಗೆ ಮೊಳಕೆ ರಾಗಿಯ ಸರಿ ಮಾಡಿ ತಿನ್ನಿಸುತ್ತಿದ್ದ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಮೆಂತ್ಯದ ವಿಷಯವನ್ನೂ ಹೇಳಬೇಕು. ಮೆಂತ್ಯದ ಕಾಳಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ನಾರೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯವರ ಶುಗರ್ ಇಳಿದದ್ದು ಕಂಡಿತು. ಆದರೆ ಅಲ್ಲಿ ಕೊಟ್ಟದ್ದು ದಿನಕ್ಕೆ 100 ಗ್ರಾಂ ಮೆಂತ್ಯದ ಪುಡಿ, ಮಧ್ಯಾಹ್ನ ಮತ್ತು ರಾತ್ರಿಯ ಊಟದಲ್ಲಿ ಬೆರೆಸಿ. ನಾವು ಬೆಳಗ್ಗೆ ನೆನೆಸಿ ತಿನ್ನುವ ಒಂದು ಚಮಚ 4-5 ಗ್ರಾಂ. ಅದರಿಂದ ಅದೇ ಫಲ ನಿರೀಕ್ಷಿಸಿ ಶುಗರ್ ಮಾತ್ರೆ ಬಿಡುವುದು ದೊಡ್ಡ ತಪ್ಪು.

*4. ಗಂಟೆಗಳ ಲೆಕ್ಕ: ಯಾವುದರ ಜೊತೆ ಯಾವುದು ಬೇಡ*

ಈ ಭಾಗವನ್ನು ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿಕೊಂಡರೂ ಸರಿ.

• *ಇಸಬಗೋಲು ಮತ್ತು ಯಾವುದೇ ಮಾತ್ರೆ ಅಥವಾ ಕಷಾಯ:* ಕನಿಷ್ಠ 2 ಗಂಟೆ ಅಂತರವಿರಲಿ. ನೆನೆಸಿದ ಮೆಂತ್ಯಕ್ಕೂ ಇದೇ ನಿಯಮ ಪಾಲಿಸುವುದು ಒಳ್ಳೆಯದು.

• *ಥೈರಾಯ್ಡ್ ಮಾತ್ರೆ:* ಬೆಳಗ್ಗೆ ಬರೀ ಹೊಟ್ಟೆಯಲ್ಲಿ, ನೀರಿನ ಜೊತೆ ಮಾತ್ರ. ತಿಂಡಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರ ಬೇಕು. ಬೆಳಗ್ಗೆ ಎದ್ದ ಕೂಡಲೇ ಮೆಂತ್ಯ ನೀರು ಅಥವಾ ಇಸಬಗೋಲು ಕುಡಿಯುವ ಅಭ್ಯಾಸವಿದ್ದರೆ ಅದನ್ನು ಸಂಜೆಗೋ ರಾತ್ರಿಗೋ ಬದಲಾಯಿಸಿ. ಊಟದಲ್ಲಿ ನಾರು ಹೆಚ್ಚಿಸಿದರೆ ಕೆಲವು ವಾರಗಳ ನಂತರ ಟಿಎಸ್‌ಎಚ್ ಪರೀಕ್ಷೆ ಮತ್ತೊಮ್ಮೆ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಿ.

• *ಹೃದಯಕ್ಕೆ ಕೊಡುವ ಡಿಗಾಕ್ಸಿನ್:* ಇದೂ ಗಿಡದಿಂದ ಬಂದ ಔಷಧವೇ. ಗೋಧಿ ಹೊಟ್ಟಿನಂಥ ಅತಿಯಾದ ನಾರಿನ ಊಟದ ಜೊತೆ ತೆಗೆದುಕೊಂಡರೆ ಇದರ ಹೀರಿಕೆ ಕುಗ್ಗುತ್ತದೆ. ದಿನವೂ ಒಂದೇ ಹೊತ್ತಿಗೆ, ಒಂದೇ ರೀತಿಯಲ್ಲಿ ತೆಗೆದುಕೊಳ್ಳಿ.

• *ಶುಗರ್ ಮಾತ್ರೆ ಅಥವಾ ಇನ್ಸುಲಿನ್:* ಮೆಂತ್ಯ, ಇಸಬಗೋಲು ಹೊಸದಾಗಿ ಶುರು ಮಾಡಿದರೆ ಶುಗರ್ ತೀರಾ ಇಳಿಯಬಹುದು. ಮೊದಲ ಕೆಲವು ದಿನ ಮನೆಯಲ್ಲೇ ಅಳೆದು ನೋಡಿ. ನಡುಕ, ಬೆವರು, ತಲೆ ಸುತ್ತು ಬಂದರೆ ನಿರ್ಲಕ್ಷಿಸಬೇಡಿ.

• *ಇಸಬಗೋಲಿಗೆ ನೀರು:* ಒಂದು ದೊಡ್ಡ ಲೋಟ ನೀರು ಕಡ್ಡಾಯ. ಒಣಗಿಯೇ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ. ನುಂಗಲು ಕಷ್ಟವಿರುವ ಹಿರಿಯರಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಕುಡಿದ ಕೂಡಲೇ ಮಲಗುವುದೂ ಬೇಡ.

*5. ಆಂಟಿಬಯೋಟಿಕ್ ತೆಗೆದುಕೊಂಡಾಗ*

ಆಂಟಿಬಯೋಟಿಕ್ ಮಾತ್ರೆ ರೋಗದ ಬ್ಯಾಕ್ಟೀರಿಯಾದ ಜೊತೆಗೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಆಗ ಮೂಲಿಕೆಗಳ ಪರಿಣಾಮವೂ ಬದಲಾಗುತ್ತದೆ. ಸೋನಾಮುಖಿ ಚೂರ್ಣ ಆ ದಿನಗಳಲ್ಲಿ ಸರಿಯಾಗಿ ಕೆಲಸ ಮಾಡದಿರಬಹುದು. "ನಾಟಲಿಲ್ಲ" ಎಂದು ಪ್ರಮಾಣ ಎರಡು ಪಟ್ಟು ಮಾಡಬೇಡಿ.

ಇದರ ಗಂಭೀರ ಉದಾಹರಣೆ ಡಿಗಾಕ್ಸಿನ್. ಸುಮಾರು 10 ಶೇಕಡಾ ರೋಗಿಗಳಲ್ಲಿ ಕರುಳಿನ ಬ್ಯಾಕ್ಟೀರಿಯಾ ಈ ಔಷಧದ ದೊಡ್ಡ ಭಾಗವನ್ನು ನಿಷ್ಕ್ರಿಯ ಮಾಡಿಬಿಡುತ್ತದೆ ಎಂದು 1981ರಲ್ಲೇ ವರದಿಯಾಗಿತ್ತು. ಅಂಥವರಿಗೆ ಆಂಟಿಬಯೋಟಿಕ್ ಕೊಟ್ಟಾಗ ಆ ಬ್ಯಾಕ್ಟೀರಿಯಾ ಸತ್ತು, ರಕ್ತದಲ್ಲಿ ಔಷಧದ ಮಟ್ಟ ಎರಡು ಪಟ್ಟಿನವರೆಗೂ ಏರಿತ್ತು. ಆ ಕೆಲಸ ಮಾಡುವುದು ಎಗರ್ಥೆಲ್ಲ ಲೆಂಟ ಎಂಬ ಬ್ಯಾಕ್ಟೀರಿಯಾ. ಅಂದರೆ ಕರುಳಿನ ಬ್ಯಾಕ್ಟೀರಿಯಾ ಬದಲಾದರೆ ಔಷಧದ ಬಲವೂ ಬದಲಾಗುತ್ತದೆ. ಇದು ಮನೆಮದ್ದಿಗೆ ಮಾತ್ರ ಸೀಮಿತವಲ್ಲ.

ಆದ್ದರಿಂದ ಜ್ವರಕ್ಕೆ, ಹಲ್ಲಿಗೆ ಎಂದು ಹೊಸ ವೈದ್ಯರ ಬಳಿ ಹೋದಾಗ ನೀವು ತೆಗೆದುಕೊಳ್ಳುತ್ತಿರುವ ಎಲ್ಲವನ್ನೂ ಹೇಳಿ. ಮಾತ್ರೆಗಳ ಜೊತೆ ಚೂರ್ಣ, ಕಷಾಯ, ಇಸಬಗೋಲನ್ನೂ ಹೇಳಿ. ಭಾಷೆಯ ತೊಂದರೆ ಇದ್ದರೆ ಪ್ಯಾಕೆಟ್ಟುಗಳ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ತೋರಿಸಿ.

*6. ಊರು ಬಿಟ್ಟ ಮೇಲೆ ತಟ್ಟೆ ಬದಲಾಯಿತು*

ಊರು ಬದಲಾದರೆ ಕರುಳಿನ ಬ್ಯಾಕ್ಟೀರಿಯಾವೂ ಬದಲಾಗುತ್ತದೆಯೇ? ಅಮೆರಿಕಕ್ಕೆ ವಲಸೆ ಹೋದ ಆಗ್ನೇಯ ಏಷ್ಯಾದ ಮಾಂಗ್ ಮತ್ತು ಕರೆನ್ ಜನರ ಮೇಲೆ ಮಿನೆಸೋಟ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ವಲಸೆ ಹೋದ ಕೆಲವೇ ತಿಂಗಳಲ್ಲಿ ಬದಲಾವಣೆ ಶುರುವಾಗಿತ್ತು. ಸಸ್ಯದ ನಾರನ್ನು ಒಡೆಯುವ ಬ್ಯಾಕ್ಟೀರಿಯಾ, ಕಿಣ್ವಗಳು ಕಡಿಮೆಯಾಗಿದ್ದವು. ಅವರ ಮಕ್ಕಳ ತಲೆಮಾರಿನಲ್ಲಿ ಬ್ಯಾಕ್ಟೀರಿಯಾದ ವೈವಿಧ್ಯ ಇನ್ನೂ ಕುಗ್ಗಿತ್ತು.

ನಾವು ದೇಶ ಬಿಟ್ಟಿಲ್ಲ, ನಿಜ. ಆದರೆ ನಮ್ಮ ತಟ್ಟೆ ನೋಡಿಕೊಳ್ಳೋಣ. ಮುದ್ದೆ, ಜೋಳದ ರೊಟ್ಟಿ, ಹುರುಳಿ ಸಾರು, ಬಸ್ಸಾರು, ಸೊಪ್ಪಿನ ಪಲ್ಯ ಇದ್ದ ಕಡೆ ಈಗ ಪಾಲಿಶ್ ಅಕ್ಕಿಯ ಅನ್ನ, ಬ್ರೆಡ್, ಪಾವ್, ನೂಡಲ್ಸ್, ಬಿಸ್ಕತ್ತು. 100 ಗ್ರಾಂ ಧಾನ್ಯದಲ್ಲಿ ಎಷ್ಟು ನಾರಿದೆ ನೋಡಿ:

• ಪಾಲಿಶ್ ಮಾಡಿದ ಅಕ್ಕಿ: ಸುಮಾರು 3 ಗ್ರಾಂ
• ಮೈದಾ: ಸುಮಾರು 3 ಗ್ರಾಂ
• ಜೋಳ: ಸುಮಾರು 10 ಗ್ರಾಂ
• ರಾಗಿ: ಸುಮಾರು 11 ಗ್ರಾಂ
• ಗೋಧಿ ಹಿಟ್ಟು (ಜರಡಿ ಹಿಡಿಯದ್ದು): ಸುಮಾರು 11 ಗ್ರಾಂ
• ಇಡೀ ಹೆಸರುಕಾಳು: ಸುಮಾರು 17 ಗ್ರಾಂ
• ಇಡೀ ಕಡಲೆಕಾಳು: ಸುಮಾರು 25 ಗ್ರಾಂ

ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಆಹಾರದಿಂದಲೇ ಬರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮಾರಾಟದ ಪುಡಿಯಿಂದ ಅಲ್ಲ, ಆಹಾರದಿಂದ. ಅನ್ನ, ಮೈದಾ ಮಾತ್ರ ತಿಂದರೆ ಇದರ ಹತ್ತಿರಕ್ಕೂ ಹೋಗುವುದಿಲ್ಲ.

ಒಳ್ಳೆಯ ಸುದ್ದಿ ಏನೆಂದರೆ, ಊಟ ಬದಲಾದ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾಗಳೂ ಬದಲಾಗತೊಡಗುತ್ತವೆ. ನಾವಿರುವ ಊರಿನಲ್ಲೇ ಬೇಕಾದ್ದು ಸಿಗುತ್ತದೆ. ಹೆಸರು ಮಾತ್ರ ಬೇರೆ:

• *ಮುಂಬೈ, ಪುಣೆ:* ರಾಗಿಗೆ ಇಲ್ಲಿ ನಾಚಣಿ ಎನ್ನುತ್ತಾರೆ. ಜೋಳದ ಭಾಕ್ರಿ ಎಲ್ಲೆಡೆ ಇದೆ. ಮೊಳಕೆ ಕಾಳಿನ ಉಸಳ್ ನಮ್ಮ ಉಸಲಿಯ ಸೋದರಿಯೇ. ಪಾವ್ ಬಿಟ್ಟು ಭಾಕ್ರಿಯ ಜೊತೆ ತಿನ್ನಿ.
• *ಚೆನ್ನೈ:* ರಾಗಿಗೆ ಕೇಳ್ವರಗು. ಸಂಜೆ ತಿಂಡಿಗೆ ಕಡಲೆಕಾಳಿನ ಸುಂಡಲ್ ಒಳ್ಳೆಯ ಆಯ್ಕೆ.
• *ಹೈದರಾಬಾದ್:* ರಾಗುಲು ಎಂದು ಕೇಳಿ. ಜೊನ್ನ ರೊಟ್ಟೆ ಎಂದರೆ ನಮ್ಮ ಜೋಳದ ರೊಟ್ಟಿಯೇ. ಗೋಂಗುರ ಎಂದರೆ ನಮ್ಮ ಪುಂಡಿ ಸೊಪ್ಪು.
• *ದೆಹಲಿ:* ರಾಗಿಯನ್ನು ಮಂಡುವಾ ಎಂದು ಕೇಳಿದರೆ ಉತ್ತರಾಖಂಡದ ಸರಕು ಸಿಗುತ್ತದೆ. ರಾಜ್ಮಾ, ಕಾಬೂಲಿ ಕಡಲೆ, ಚಳಿಗಾಲದಲ್ಲಿ ಸಜ್ಜೆಯ ರೊಟ್ಟಿ ಎಲ್ಲವೂ ನಾರಿನ ಆಹಾರವೇ.

ಒಂದು ಎಚ್ಚರಿಕೆ. ಒಮ್ಮೆಲೇ ಹೆಚ್ಚಿಸಬೇಡಿ. ವರ್ಷಗಟ್ಟಲೆ ಅನ್ನ ತಿಂದ ಹೊಟ್ಟೆಗೆ ಒಂದೇ ದಿನ ಮುದ್ದೆ, ಕಾಳು, ಸೊಪ್ಪು ಎಲ್ಲ ತುಂಬಿದರೆ ಗ್ಯಾಸ್, ಹೊಟ್ಟೆ ಉಬ್ಬರ ಖಂಡಿತ. ಮೊದಲ ವಾರ ದಿನದಲ್ಲಿ ಒಂದು ಹೊತ್ತಿನ ಅನ್ನಕ್ಕೆ ಬದಲು ರಾಗಿ ಅಥವಾ ಜೋಳ. ಎರಡನೇ ವಾರ ಒಂದು ಬಟ್ಟಲು ಕಾಳಿನ ಉಸಲಿ ಅಥವಾ ಕೋಸಂಬರಿ. ಮೂರನೇ ವಾರ ಸೊಪ್ಪು, ತರಕಾರಿ ಎರಡು ಪಟ್ಟು. ನೀರು ಚೆನ್ನಾಗಿ ಕುಡಿಯಿರಿ.

*7. ಓದುಗರು ಕೇಳಬಹುದಾದ ಪ್ರಶ್ನೆಗಳು*

*ಪ್ರಶ್ನೆ: ಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ತೆಗೆದುಕೊಂಡರೆ ಇನ್ನೂ ಒಳ್ಳೆಯದಲ್ಲವೇ?*

ಅಡುಗೆಯ ಅರಿಶಿನ ಬೇರೆ, ಕ್ಯಾಪ್ಸೂಲ್ ಬೇರೆ. ಹೀರಿಕೆ ಹಲವು ಪಟ್ಟು ಹೆಚ್ಚಿಸಿದರೆ ಯಕೃತ್ತಿನ ಮೇಲೆ ಬೀಳುವ ಹೊರೆಯೂ ಹೆಚ್ಚುತ್ತದೆ. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಸಪ್ಲಿಮೆಂಟ್ ತೆಗೆದುಕೊಂಡವರಲ್ಲಿ ಯಕೃತ್ತಿನ ಉರಿಯೂತದ ಪ್ರಕರಣಗಳು ಕಂಡು ಸರ್ಕಾರವೇ ಎಚ್ಚರಿಕೆ ಕೊಟ್ಟಿತು. ಪೈಪರಿನ್ ಬೇರೆ ಔಷಧಗಳ ಮಟ್ಟವನ್ನೂ ಏರಿಸುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನೊಲಾಲ್ ಇದಕ್ಕೆ ಉದಾಹರಣೆ. ಸಾರಿಗೆ ಒಗ್ಗರಣೆಯಲ್ಲಿ ಅರಿಶಿನ, ಮೆಣಸು ಹಾಕಿ ತಿನ್ನಲು ಭಯ ಬೇಡ. ಕ್ಯಾಪ್ಸೂಲ್ ಮಾತ್ರ ವೈದ್ಯರನ್ನು ಕೇಳದೆ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಯಕೃತ್ತಿನ ತೊಂದರೆ ಇರುವವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯ.

*ಪ್ರಶ್ನೆ: ದಿನವೂ ಮಜ್ಜಿಗೆ ಕುಡಿಯುತ್ತೇನೆ. ಒಳ್ಳೆಯ ಬ್ಯಾಕ್ಟೀರಿಯಾಗೆ ಅಷ್ಟು ಸಾಲದೇ?*

ಮಜ್ಜಿಗೆ ಒಳ್ಳೆಯದು, ಮುಂದುವರಿಸಿ. ಆದರೆ ಅದರ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಕರುಳಿನಲ್ಲಿ ನೆಲೆ ನಿಲ್ಲುವುದಿಲ್ಲ. ಅವು ಬಂದು ಹೋಗುವ ನೆಂಟರು. ಮನೆಯವರಿಗೆ, ಅಂದರೆ ಈಗಾಗಲೇ ಕರುಳಿನಲ್ಲಿ ನೆಲೆಸಿರುವವುಗಳಿಗೆ ಅನ್ನ ಹಾಕುವುದು ನಾರು. ಎರಡೂ ಬೇಕು.

*ಪ್ರಶ್ನೆ: ಅಂಗಡಿಯಲ್ಲಿ ಸಿಗುವ "ಹೊಟ್ಟೆ ಸಾಫ್" ಚೂರ್ಣಗಳು ಆಯುರ್ವೇದದವೇ, ದಿನಾ ತೆಗೆದುಕೊಳ್ಳಬಹುದೇ?*

ಪ್ಯಾಕೆಟ್ಟಿನ ಹಿಂದೆ ಓದಿ. ಸೋನಾಮುಖಿ, ಹಿಂದಿಯಲ್ಲಿ ಸನಾಯ್, ತಮಿಳಿನಲ್ಲಿ ನಿಲಾವರೈ, ತೆಲುಗಿನಲ್ಲಿ ಸುನಾಮುಖಿ, ಎಲ್ಲವೂ ಅದೇ ಎಲೆ. ಅದು ಇದ್ದರೆ ಒಂದು ವಾರಕ್ಕಿಂತ ಹೆಚ್ಚು ದಿನ ವೈದ್ಯರ ಸಲಹೆಯಿಲ್ಲದೆ ಬೇಡ. ದಿನವೂ ಎಲೆಯ ಬಲದಿಂದ ಕರುಳನ್ನು ಓಡಿಸುವ ಬದಲು ಊಟದ ನಾರನ್ನು ಸರಿ ಮಾಡಿಕೊಳ್ಳಿ.

*ಪ್ರಶ್ನೆ: ಕೆಮ್ಮಿಗೆ ಮನೆಯಲ್ಲಿ ಜ್ಯೇಷ್ಠಮಧು ಕಷಾಯ ಮಾಡುತ್ತೇವೆ. ಬಿಡಬೇಕೇ?*

ಎರಡು ಮೂರು ದಿನ ಸ್ವಲ್ಪ ಪ್ರಮಾಣದಲ್ಲಿ ಕುಡಿಯುವುದು ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆ ಮಾಡುವುದಿಲ್ಲ. ವಾರಗಟ್ಟಲೆ ದಿನವೂ ಬೇಡ. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಇದನ್ನು ಬಿಡುವುದೇ ಲೇಸು. ಹಿಂದಿಯ ಮುಲೇಠಿ ಎಂದರೂ ಇದೇ.

*8. ಯಾವಾಗ ವೈದ್ಯರ ಬಳಿ ಹೋಗಲೇಬೇಕು*

• ಮಲದಲ್ಲಿ ರಕ್ತ, ಅಥವಾ ಮಲ ಟಾರಿನಂತೆ ಕಪ್ಪಗಾದರೆ
• ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ
• ನಡುವಯಸ್ಸು ದಾಟಿದವರಲ್ಲಿ ಮಲವಿಸರ್ಜನೆಯ ಅಭ್ಯಾಸ ಹಠಾತ್ತಾಗಿ ಬದಲಾಗಿ ವಾರಗಟ್ಟಲೆ ಹಾಗೇ ಉಳಿದರೆ
• ಕಣ್ಣು, ಮೂತ್ರ ಹಳದಿಯಾದರೆ (ತೆಗೆದುಕೊಳ್ಳುತ್ತಿರುವ ಮೂಲಿಕೆ, ಕ್ಯಾಪ್ಸೂಲ್ ತಕ್ಷಣ ನಿಲ್ಲಿಸಿ)
• ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಲ, ಗಾಳಿ ಎರಡೂ ನಿಂತರೆ (ಇದು ತುರ್ತು ಪರಿಸ್ಥಿತಿ. ಇಸಬಗೋಲು, ಚೂರ್ಣ ಕೊಡಬೇಡಿ)

ಕರುಳಿನ ಶಸ್ತ್ರಚಿಕಿತ್ಸೆ ಆದವರು, ಕರುಳು ಕಿರಿದಾಗಿರುವವರು, ಕಿಡ್ನಿ ರೋಗಿಗಳು ಊಟದಲ್ಲಿ ನಾರು, ಕಾಳು ಹೆಚ್ಚಿಸುವ ಮೊದಲು ತಮ್ಮ ವೈದ್ಯರನ್ನು ಕೇಳಿ.

*ಇಂದಿನ ಪಾಠದ ಸಾರ*

1. ಮೂಲಿಕೆಯ ಹೆಚ್ಚಿನ ಅಂಶ ನೇರವಾಗಿ ರಕ್ತಕ್ಕೆ ಹೋಗುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾ ಅದನ್ನು ಬದಲಾಯಿಸುತ್ತದೆ. ಅದಕ್ಕೇ ಫಲ ಒಬ್ಬೊಬ್ಬರಿಗೆ ಒಂದೊಂದು ರೀತಿ.
2. ಲೋಳೆಯಾಗುವ ನಾರನ್ನು ಮಾತ್ರೆ, ಕಷಾಯದ ಜೊತೆಗೇ ತೆಗೆದುಕೊಳ್ಳಬೇಡಿ. ಕನಿಷ್ಠ 2 ಗಂಟೆ ಅಂತರವಿರಲಿ.
3. ಊಟದ ನಾರು ದಿನವೂ ಬೇಕು. ಅದು ಬ್ಯಾಕ್ಟೀರಿಯಾದ ಅನ್ನ. ಇಸಬಗೋಲು ಅದಕ್ಕೆ ಬದಲಿ ಅಲ್ಲ.
4. ಆಂಟಿಬಯೋಟಿಕ್ ದಿನಗಳಲ್ಲಿ ಮೂಲಿಕೆಯ ಪ್ರಮಾಣ ನೀವಾಗಿಯೇ ಹೆಚ್ಚಿಸಬೇಡಿ.
5. ವೈದ್ಯರು ಕೊಟ್ಟ ಮಾತ್ರೆಯನ್ನು ಮನೆಮದ್ದಿನ ನಂಬಿಕೆಯಲ್ಲಿ ಬಿಡಬೇಡಿ. ಮನೆಮದ್ದನ್ನು ವೈದ್ಯರಿಂದ ಮುಚ್ಚಿಡಬೇಡಿ.

*ಈ ವಾರದ ಮನೆಗೆಲಸ:* ಒಂದು ಹಾಳೆ ತೆಗೆದುಕೊಳ್ಳಿ. ಮನೆಯ ಪ್ರತಿಯೊಬ್ಬರೂ ಬೆಳಗ್ಗೆಯಿಂದ ರಾತ್ರಿವರೆಗೆ ತೆಗೆದುಕೊಳ್ಳುವ ಮಾತ್ರೆ, ಚೂರ್ಣ, ಕಷಾಯ, ಇಸಬಗೋಲು, ಮೆಂತ್ಯ ಎಲ್ಲವನ್ನೂ ಗಂಟೆಯ ಸಮೇತ ಬರೆಯಿರಿ. ಊರಿನಲ್ಲಿ ಒಂಟಿಯಾಗಿರುವ ಅಪ್ಪ ಅಮ್ಮನಿಗೂ ಫೋನು ಮಾಡಿ ಕೇಳಿ ಬರೆದುಕೊಳ್ಳಿ. ಯಾವುದಕ್ಕೆ ಅಂತರ ಸಾಲದು ಎಂದು ನಿಮಗೇ ಕಾಣುತ್ತದೆ. ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಹಾಳೆ ಜೊತೆಗಿರಲಿ.

ಇದು ತಿಳಿವಳಿಕೆಗಾಗಿ ಬರೆದ ಲೇಖನ. ನಿಮ್ಮ ದೇಹ, ನಿಮ್ಮ ರೋಗ ತಿಳಿದಿರುವ ವೈದ್ಯರ ಮಾತೇ ಅಂತಿಮ.

ಉಪಯುಕ್ತ ಎನಿಸಿದರೆ ನಿಮ್ಮ ಬಂಧುಗಳಿಗೂ ಕಳಿಸಿ.